ನೀರಿನ ಮಟ್ಟ ನೋಡಿ ಹಕ್ಕಿ ಹುಡುಕುವುದು: ನನ್ನ ಅನುಭವ

ಆಗಸ್ಟ್‌ನಿಂದ ನವೆಂಬರ್‌ವರೆಗೆ ಹಕ್ಕಿ ನೋಡಲು ನಾನು ಕಾಡಿಗೆ ಹೋಗುವುದು ಕಡಿಮೆ. ನಗರದೊಳಗೆ ಹರಿಯುವ ನದಿ, ಅದರ ಅಣೆಕಟ್ಟು ಇಷ್ಟಿದ್ದರೆ ಸಾಕು. ಉತ್ತರದಲ್ಲಿ ಚಳಿ ಶುರುವಾಗುವ ಮೊದಲೇ ಕೆಸರಿಗೆ ಕೊಕ್ಕು ಇಳಿಸಿ ಮೇಯುವ ಗೊರವ, ಬಾತು, ಬಾಲ ಕುಣಿಸುವ ಕುಂಡೆಕುಸ್ಕಗಳು ದಕ್ಷಿಣಕ್ಕೆ ಹೊರಟಿರುತ್ತವೆ. ದಾರಿಯಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳಲು ಅವುಗಳಲ್ಲಿ ಹೆಚ್ಚಿನವಕ್ಕೆ ಮೊಣಕಾಲಿಗೂ ಬಾರದ ನೀರು, ಒದ್ದೆ ಕೆಸರು ಬೇಕು. ಪಕ್ಕದಲ್ಲಿ ರಸ್ತೆ, ಕಟ್ಟಡ ಇದ್ದರೂ ಬರುತ್ತವೆ.

ಅದಕ್ಕೇ ಹೋದ ತಕ್ಷಣ ಮೊದಲು ನೀರಿನ ಮಟ್ಟ ನೋಡುತ್ತೇನೆ. ಅಣೆಕಟ್ಟಿನ ಗೋಡೆಯ ಹತ್ತಿರ ನೀರು ಆಳ. ಅಲ್ಲಿ ನೀರುಕಾಗೆ, ಗುಳುಮುಳುಕದಂಥ ಮುಳುಗು ಹಕ್ಕಿಗಳೇ ಜಾಸ್ತಿ. ನದಿ ಹಿನ್ನೀರಿಗೆ ಬಂದು ಸೇರುವ ಆಚೆ ತುದಿಯಲ್ಲಿ ಹೂಳು ತುಂಬಿ ದಂಡೆ ಚಪ್ಪಟೆಯಾಗಿರುತ್ತದೆ. ಅಲ್ಲಿ ನೀರು ಒಂದು ಗೇಣು ಇಳಿದರೂ ಅಗಲವಾದ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ. ಅದರೊಳಗಿನ ಹುಳುಗಳಿಗಾಗಿ ಗೊರವಗಳು ಬರುತ್ತವೆ. ಬಿಸಿಲಿಗೆ ಕೆಸರು ಗಟ್ಟಿಯಾದರೆ ಕೊಕ್ಕು ಇಳಿಯುವುದಿಲ್ಲ, ಆಗ ಅವು ಹೊಸದಾಗಿ ತೆರೆದ ಅಂಚಿಗೆ ಸರಿಯುತ್ತವೆ. ನಾನೂ ಅವುಗಳ ಹಿಂದೆಯೇ ಸರಿಯುತ್ತೇನೆ. ಮಳೆ ಬಂದು ಮಟ್ಟ ಏರಿದ ದಿನ ಆ ತುದಿ ಬಿಟ್ಟು ಅಣೆಕಟ್ಟಿನ ಕೆಳಗೆ ಹೋಗುತ್ತೇನೆ.

ಕೆಳಗೆ ಬೇರೆ ಹಕ್ಕಿಗಳು. ಗೇಟಿನಿಂದ ಬಿದ್ದ ನೀರಿನಲ್ಲಿ ದಿಕ್ಕು ತಪ್ಪಿದ ಮೀನಿಗಾಗಿ ಬಕ, ಬೆಳ್ಳಕ್ಕಿಗಳು ಕಾದು ನಿಂತಿರುತ್ತವೆ. ಕಲ್ಲುಗಳ ಮೇಲೆ ಬೂದು ಕುಂಡೆಕುಸ್ಕ ಉದ್ದ ಬಾಲ ಆಡಿಸುತ್ತಾ ಓಡುತ್ತದೆ. ಕಾಂಕ್ರೀಟ್ ದಂಡೆಯನ್ನೂ ಬಿಡಬೇಡಿ. ಸಾಮಾನ್ಯ ಗದ್ದೆಗೊರವಕ್ಕೆ ಕೆಸರೇ ಆಗಬೇಕು ಅಂತಿಲ್ಲ. ಮೈಯ ಹಿಂಭಾಗವನ್ನು ಒಂದೇ ಸಮನೆ ಕುಣಿಸುತ್ತಾ ಕಾಂಕ್ರೀಟಿನ ಮೇಲೂ ಹುಳ ಆರಿಸುತ್ತದೆ. ಎದ್ದರೆ ರೆಕ್ಕೆ ಬಿಗಿಹಿಡಿದು, ಸಣ್ಣಗೆ ಬಡಿಯುತ್ತಾ ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತದೆ. ದೂರದಿಂದಲೇ ಗುರುತಿಸಬಹುದು.

ಈ ಕಾಲದಲ್ಲಿ ಬಣ್ಣ ನಂಬುವುದು ಕಷ್ಟ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನಂತೆ ಕಂದಾಗಿರುತ್ತವೆ. ನಾನು ಆಕಾರ ನೋಡುತ್ತೇನೆ. ಸೂಜಿಬಾಲದ ಬಾತಿಗೆ ತೆಳ್ಳನೆ ಉದ್ದ ಕತ್ತು, ಸಲಿಕೆ ಕೊಕ್ಕಿನ ಬಾತಿಗೆ ತುದಿ ಅಗಲವಾದ ಕೊಕ್ಕು.

ಗೊರವಗಳಲ್ಲಿ ಮರಿಗಳನ್ನು ಹುಡುಕುವುದು ನನಗೆ ತುಂಬಾ ಇಷ್ಟ. ಸಾಮಾನ್ಯವಾಗಿ ದೊಡ್ಡವು ಮೊದಲು ಹೊರಡುತ್ತವೆ, ಆ ವರ್ಷದ ಮರಿಗಳು ಕೆಲವು ವಾರ ಬಿಟ್ಟು. ದೊಡ್ಡವುಗಳ ಗರಿ ಸವೆದಿರುತ್ತದೆ. ಮರಿಗಳ ಗರಿ ಹೊಸದು, ಒಂದೊಂದಕ್ಕೂ ತಿಳಿ ಬಣ್ಣದ ಅಚ್ಚುಕಟ್ಟಾದ ಅಂಚು. 2022ರ ಅಕ್ಟೋಬರ್‌ನಲ್ಲಿ ಸುಮಾರು 5 ತಿಂಗಳ ಪಟ್ಟೆಬಾಲದ ಗಾಡ್ವಿಟ್ ಒಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತು. ದೂರ ಸುಮಾರು 13,560 ಕಿಲೋಮೀಟರ್! ಅದೂ ಗೊರವಗಳ ಬಳಗದ್ದೇ. ಕೆಸರಲ್ಲಿ ಓಡಾಡುವ ಪುಟ್ಟ ಮರಿ ಕಂಡಾಗ ಇದೂ ಮೊದಲ ಸಲ ಈ ದಾರಿ ಹಾರುತ್ತಿದೆ ಅಲ್ವಾ ಅಂತ ಅನಿಸುತ್ತದೆ, ಬೇಗ ಕದಲಲು ಮನಸ್ಸಾಗುವುದಿಲ್ಲ.

ನನ್ನ ಬೈನಾಕ್ಯುಲರ್ 8×42 (8 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 42 ಮಿ.ಮೀ. ಅಗಲ), ಮಂದ ಬೆಳಕಿಗೂ ಆಗುತ್ತದೆ. ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆಯಲ್ಲಿ ನಿಂತರೆ ಬಿಸಿಲು ಬೆನ್ನಿಗಿರುತ್ತದೆ. ಬಾತುಗಳೆಲ್ಲ ಒಟ್ಟಿಗೆ ಎದ್ದರೆ ತಕ್ಷಣ ಮೇಲೆ ನೋಡಿ, ಗಿಡುಗವೊಂದು ಬಂದಿರಬಹುದು. ಆದರೆ ನಮ್ಮಿಂದಾಗಿ ಅವು ಏಳಬಾರದು. ಮೇಯುತ್ತಿದ್ದ ಹಕ್ಕಿ ಕತ್ತೆತ್ತಿ ನಿಂತರೆ ನಾನು ಹಿಂದೆ ಸರಿಯುತ್ತೇನೆ. ಮುಂದಿನ ಹಾರಾಟಕ್ಕೆ ಕೂಡಿಟ್ಟ ಕೊಬ್ಬನ್ನು ಸುಮ್ನೆ ಖರ್ಚು ಮಾಡಿಸುವುದು ಬೇಡ. ಗೇಟಿನ ಕೆಳಗಿನ ನದಿಪಾತ್ರಕ್ಕೆ ಮಾತ್ರ ಯಾವತ್ತೂ ಇಳಿಯಬೇಡಿ. ನೀರು ಯಾವಾಗ ಬಿಡುತ್ತಾರೋ ಹೇಳಲಾಗದು.

ಕಂಡ ಹಕ್ಕಿಗಳ ಪಟ್ಟಿಯನ್ನು 2002ರಲ್ಲಿ ಶುರುವಾದ ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕುತ್ತೇನೆ. ಟಿಪ್ಪಣಿಯಲ್ಲಿ ನೀರು ಯಾವ ಮೆಟ್ಟಿಲಿಗಿತ್ತು, ಕೆಸರು ಒದ್ದೆಯಿತ್ತಾ ಒಣಗಿತ್ತಾ ಅಂತಲೂ ಬರೆಯುತ್ತೇನೆ. ಮುಂದಿನ ವರ್ಷ ಗೊರವ ಕಡಿಮೆ ಕಂಡರೆ ಆ ಸಾಲು ನೋಡಿಯೇ ಕಾರಣ ಹುಡುಕಲು ಶುರು ಮಾಡುತ್ತೇನೆ.