ಬಿಎ ಐಚ್ಛಿಕ ಇಂಗ್ಲಿಷ್: ಗೈಡ್ ಮುಚ್ಚಿಟ್ಟು ಪಠ್ಯ ಓದುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಬಿಎಗೆ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಬಹಳಷ್ಟು ಮಂದಿ ಮೊದಲ ಸೆಮಿಸ್ಟರಿನಲ್ಲೇ ಗೈಡ್ ಹಿಡಿಯುತ್ತಾರೆ. ಸಾರಾಂಶ ಬಾಯಿಪಾಠವಾಗಿರುತ್ತದೆ, ಪದ್ಯವನ್ನೇ ಓದಿರುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪೆನ್ನು ನಿಲ್ಲುತ್ತದೆ. ಹದಿನಾಲ್ಕು ಸಾಲಿನ ಒಂದು ಪದ್ಯವನ್ನು ಸರಿಯಾಗಿ ಓದಲು ಕಲಿತವರಿಗೆ ಈ ಕಷ್ಟ ಬರುವುದಿಲ್ಲ. ಅಲ್ಲಿಂದಲೇ ಶುರುಮಾಡೋಣ.

ಶೇಕ್ಸ್‌ಪಿಯರನ 154 ಸಾನೆಟ್‌ಗಳು, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳು, 1609ರಲ್ಲಿ ಅಚ್ಚಾದವು. ಅದರಲ್ಲಿ ಹದಿನೆಂಟನೆಯದನ್ನು ತೆಗೆದುಕೊಳ್ಳಿ: 'ಶಲ್ ಐ ಕಂಪೇರ್ ದೀ ಟು ಎ ಸಮರ್ಸ್ ಡೇ' (ನಿನ್ನನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ). ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಕೆಳಗೆ ಎರಡು ಗೆರೆ ಖಾಲಿ ಬಿಟ್ಟು ಕೈಯಲ್ಲೇ ಬರೆದುಕೊಳ್ಳಿ. ಡಿಕ್ಷನರಿ ಮುಟ್ಟದೆ ಎರಡು ಸಲ ಗಟ್ಟಿಯಾಗಿ ಓದಿ. ಸಾಲು ಮುಗಿದಲ್ಲೆಲ್ಲ ನಿಲ್ಲಬೇಡಿ. ಅಲ್ಪವಿರಾಮ, ಪೂರ್ಣವಿರಾಮ ಇದ್ದಲ್ಲಿ ನಿಲ್ಲಿ. ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದು ಕಿವಿಗೆ ಸಿಕ್ಕರೆ ಅರ್ಥ ಅರ್ಧ ಸಿಕ್ಕಂತೆ.

ಮೂರನೆಯ ಸಲ ಓದುವಾಗ ಡಿಕ್ಷನರಿ ತೆಗೆಯಿರಿ, ಗೊತ್ತಿರುವ ಪದಗಳನ್ನೂ ನೋಡಿ. ಎಡವುವುದು ಅಲ್ಲೇ. 'ಸಮರ್' ಎಂದಾಗ ರಾಯಚೂರಿನ ಏಪ್ರಿಲ್ ಬಿಸಿಲು ಕಣ್ಮುಂದೆ ಬಂದರೆ ಪದ್ಯವೇ ತಲೆಕೆಳಗಾಗುತ್ತದೆ, ಪ್ರೀತಿಸಿದವರನ್ನು ಯಾರಾದರೂ ಬೇಗೆಗೆ ಹೋಲಿಸುತ್ತಾರೆಯೇ? ಇಂಗ್ಲೆಂಡಿನಲ್ಲಿ ಚಳಿ ಕಳೆದು ಬರುವ ಆ ಕಾಲ ಜನ ಕಾದು ಕೂರುವ ಹಿತವಾದ ಕಾಲ. ನಾಲ್ಕನೆಯ ಸಾಲಿನಲ್ಲಿ ಬೇಸಿಗೆಯ 'ಲೀಸ್'ಗೆ 'ಡೇಟ್' ತೀರಾ ಚಿಕ್ಕದು ಎನ್ನುತ್ತಾನೆ. ಲೀಸ್ ಎಂದರೆ ನಾವು ಮನೆ ಹಿಡಿಯುವ ಲೀಸೇ. ಇಲ್ಲಿ 'ಡೇಟ್' ಎಂದರೆ ತಾರೀಖಲ್ಲ, ಕರಾರಿನ ಅವಧಿ. ಬೇಸಿಗೆ ಬಾಡಿಗೆಯ ಆಸ್ತಿ, ಬಿಟ್ಟುಕೊಡಲೇಬೇಕು. ಒಂಬತ್ತನೆಯ ಸಾಲು 'ಬಟ್' ಎಂದು ಆರಂಭವಾಗಿ ತಿರುಗಿಕೊಳ್ಳುತ್ತದೆ: ನಿನ್ನ ಬೇಸಿಗೆಗೆ ಆ ಕರಾರಿಲ್ಲ. ಆ 'ಬಟ್' ಸುತ್ತ ಒಂದು ಸೊನ್ನೆ ಹಾಕಿ.

'ದೀ', 'ದೌ' ನೋಡಿ ಹೆದರುವವರು ಬಹಳ. ಕನ್ನಡಿಗರಿಗೆ ಇದು ಸಲೀಸಾಗಬೇಕು. 'ದೌ' ಎಂದರೆ ನೀನು, 'ದೀ' ಎಂದರೆ ನಿನ್ನನ್ನು ಅಥವಾ ನಿನಗೆ. ಆಗಿನ 'ಯೂ' ಬಹುವಚನವೂ ಹೌದು, ನಮ್ಮ 'ನೀವು' ಥರ ಗೌರವದ ಮಾತೂ ಹೌದು. ನಾಟಕದಲ್ಲಿ ಒಂದು ಪಾತ್ರ ಇದ್ದಕ್ಕಿದ್ದಂತೆ ನೀವು ಬಿಟ್ಟು ನೀನು ಎಂದರೆ ಅಲ್ಲಿ ಸಲುಗೆಯೋ ಸಿಟ್ಟೋ ತಿರಸ್ಕಾರವೋ ಇರಬಹುದು, ಗುರುತು ಹಾಕಿ. 'ವೇರ್‌ಫೋರ್ ಆರ್ಟ್ ದೌ ರೋಮಿಯೋ' ಎಂದು ಜೂಲಿಯೆಟ್ ಕೇಳುವುದು 'ಎಲ್ಲಿದ್ದೀಯ' ಎಂದಲ್ಲ, 'ನೀನು ಯಾಕಾದರೂ ರೋಮಿಯೋ ಆದೆ' ಎಂದು.

ಛಂದಸ್ಸಿನಲ್ಲಿ ಮಾತ್ರ ಕನ್ನಡದ ಅಭ್ಯಾಸ ಕಾಲಿಗೆ ತೊಡರುತ್ತದೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಕೈ ಇಲ್ಲೂ ಲಘು ಗುರು ಎಣಿಸಲು ಹೊರಡುತ್ತದೆ. ನಮ್ಮ ಲೆಕ್ಕದಲ್ಲಿ 'ಕಂಪೇರ್'ನ 'ಕಂ' ಗುರು. ಇಂಗ್ಲಿಷಿನಲ್ಲಿ ಅದರ ಮೇಲೆ ಒತ್ತಿಲ್ಲ, ಒತ್ತು 'ಪೇರ್' ಮೇಲೆ. 'ಸಮರ್'ನ 'ಸ' ನಮಗೆ ಲಘು, ಅವರಿಗೆ ಒತ್ತಿರುವ ಭಾಗ. ಉಚ್ಚಾರಣೆಯ ಕಾಲ ಎಣಿಸುವುದನ್ನು ಬಿಟ್ಟು ಒತ್ತು ಎಲ್ಲಿ ಬೀಳುತ್ತದೆ ಎಂದು ಬೆರಳಿನಿಂದ ಮೇಜು ತಟ್ಟುತ್ತಾ ಓದಿ. ಸಾಲಿಗೆ ಹತ್ತು ಉಚ್ಚಾರಾಂಶ, ಐದು ಪೆಟ್ಟು. ಅನುಮಾನ ಬಂದ ಪದಕ್ಕೆ ಡಿಕ್ಷನರಿಯಲ್ಲಿ ಒತ್ತಿನ ಗುರುತು ಇರುತ್ತದೆ.

ಕೊನೆಗೆ ಪದ್ಯವನ್ನು ನಿಮ್ಮದೇ ಕನ್ನಡ ಗದ್ಯದಲ್ಲಿ ಐದಾರು ವಾಕ್ಯವಾಗಿ ಬರೆಯಿರಿ. ಕನ್ನಡಕ್ಕೆ ಬಾರದ ಸಾಲು ನಿಮಗೆ ಅರ್ಥವಾಗದ ಸಾಲು. ಇಷ್ಟಾದ ಮೇಲೆ ಗೈಡ್ ತೆರೆದರೆ ಅದರ ತಪ್ಪುಗಳೂ ಕಾಣುತ್ತವೆ.

ಕಾದಂಬರಿಗೆ ಬೇಕಾದದ್ದು ದಿನದ ಲೆಕ್ಕ. ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ನಲ್ಲಿ 59 ಅಧ್ಯಾಯಗಳಿವೆ. ದಿನಕ್ಕೆ ಐದು ಓದಿದರೆ ಹನ್ನೆರಡು ದಿನ. ಪ್ರತಿ ಹೊಸ ಪದಕ್ಕೂ ಡಿಕ್ಷನರಿ ತೆಗೆದರೆ ಎರಡನೆಯ ದಿನವೇ ಕೈಬಿಡುತ್ತೀರಿ. ಅಡಿಗೆರೆ ಎಳೆದು ಮುಂದೆ ಹೋಗಿ, ಅಧ್ಯಾಯಕ್ಕೆ ಐದು ಪದ ಮಾತ್ರ ನೋಡಿ. ಅಧ್ಯಾಯ ಮುಗಿದಾಗ ಎರಡು ವಾಕ್ಯ: ಏನಾಯಿತು, ಯಾರಿಗೆ ಏನು ಗೊತ್ತಾಯಿತು. ಕಥೆ ಹೇಳುತ್ತಿರುವವನು ದೊಡ್ಡವನಾದ ಕಥಾನಾಯಕ ಪಿಪ್, ಡಿಕನ್ಸ್ ಅಲ್ಲ. ಉತ್ತರದಲ್ಲಿ 'ಲೇಖಕರು ಹೇಳುತ್ತಾರೆ' ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ನಾಟಕವನ್ನು ಗೆಳೆಯರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಸಾಕಷ್ಟು ಕೆಲಸ ತಾನೇ ಆಗುತ್ತದೆ.

ಸಾಹಿತ್ಯ ಚರಿತ್ರೆಗೆ ದಪ್ಪ ಪುಸ್ತಕ ಉರುಹೊಡೆಯಬೇಡಿ. ಒಂದೇ ಹಾಳೆಯಲ್ಲಿ ಗೆರೆ ಎಳೆದು 1066 (ನಾರ್ಮನ್ನರ ಗೆಲುವು), 1476 (ಕ್ಯಾಕ್ಸ್‌ಟನ್ನನ ಅಚ್ಚುಕೂಟ), 1642, 1660, 1798 ('ಲಿರಿಕಲ್ ಬ್ಯಾಲಡ್ಸ್'), 1837 (ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು), 1922 ('ದಿ ವೇಸ್ಟ್ ಲ್ಯಾಂಡ್', 'ಯುಲಿಸಿಸ್') ಗುರುತು ಹಾಕಿ, ಓದಿದ ಪ್ರತಿ ಕೃತಿಯನ್ನು ಅದರ ಜಾಗದಲ್ಲಿ ಬರೆಯಿರಿ. 1642ರಲ್ಲಿ ಲಂಡನ್ನಿನ ನಾಟಕಶಾಲೆಗಳು ಮುಚ್ಚಿದ್ದು, 1660ರಲ್ಲಿ ರಾಜಪ್ರಭುತ್ವದ ಜೊತೆ ಅವೂ ಮರಳಿದ್ದು ಗೊತ್ತಿದ್ದರೆ ನಡುವೆ ದೊಡ್ಡ ನಾಟಕ ಏಕಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಪರೀಕ್ಷೆಯಲ್ಲಿ ಮೂರು ಗಂಟೆಗೆ 80 ಅಂಕವಿದ್ದರೆ ಅಂಕಕ್ಕೆ ಸುಮಾರು ಎರಡು ನಿಮಿಷ. ಹತ್ತು ಅಂಕದ ಉತ್ತರಕ್ಕೆ ಇಪ್ಪತ್ತು ನಿಮಿಷ, ಅದರಲ್ಲಿ ಮೊದಲ ಮೂರು ನಿಮಿಷ ಪೆನ್ಸಿಲ್ ಟಿಪ್ಪಣಿಗೆ. ಕವಿಯ ಹುಟ್ಟೂರಿನಿಂದ ಶುರುಮಾಡಬೇಡಿ. ಮೊದಲ ವಾಕ್ಯದಲ್ಲೇ ಪ್ರಶ್ನೆಗೆ ಉತ್ತರ ಕೊಡಿ, ಆಮೇಲೆ ಪ್ರತಿ ಪ್ಯಾರಾಕ್ಕೆ ಮೂರು-ನಾಲ್ಕು ಪದದ ಒಂದು ಉಲ್ಲೇಖ, ಅದರ ಬೆನ್ನಿಗೇ ಆ ಪದ ಅಲ್ಲಿ ಏನು ಮಾಡುತ್ತಿದೆ ಎಂಬ ವಿವರಣೆ. ಎಂಟು ಸಾಲು ಉದ್ಧರಿಸಿ ಸುಮ್ಮನಾದರೆ ಜಾಗ ತುಂಬುತ್ತದೆ, ಅಂಕ ಬರುವುದಿಲ್ಲ. ವಾರಕ್ಕೊಂದು ಉತ್ತರ ಹೀಗೆ ಗಡಿಯಾರ ಇಟ್ಟುಕೊಂಡು ಬರೆದು ಮೇಷ್ಟರಿಗೆ ಒಪ್ಪಿಸಿ. 'ಚೆನ್ನಾಗಿದೆಯಾ ಸಾರ್' ಎಂದು ಕೇಳಬೇಡಿ. 'ಪಠ್ಯದ ಆಧಾರವಿಲ್ಲದ ವಾಕ್ಯಕ್ಕೆಲ್ಲ ಗೆರೆ ಎಳೆದುಕೊಡಿ ಸಾರ್' ಎಂದು ಕೇಳಿ.