ಪ್ಯಾಲೆಸ್ಟೀನಿನ ಪರವಾಗಿ ಮಾತನಾಡುತ್ತಿರುವವರು ಯಾರು? ಸುದ್ದಿಯನ್ನು ತಿಳಿದು ಓದುವ ಬಗೆ

‘ಪ್ಯಾಲೆಸ್ಟೀನ್ ಒಪ್ಪಿದೆ’, ‘ಪ್ಯಾಲೆಸ್ಟೀನ್ ತಿರಸ್ಕರಿಸಿದೆ’ ಎಂಬ ತಲೆಬರಹ ಕಂಡಾಗ ಮೊದಲು ಮಾಡಬೇಕಾದ ಕೆಲಸವೆಂದರೆ, ಆ ಮಾತು ಹೊರಟಿದ್ದು ಯಾವ ಸಂಸ್ಥೆಯಿಂದ ಎಂಬುದನ್ನು ಪತ್ತೆ ಹಚ್ಚುವುದು. ಮಾತನಾಡಿದವರ ಹೆಸರು ಗೊತ್ತಾದರೆ ಸಾಲದು. ಮಹಮೂದ್ ಅಬ್ಬಾಸ್ ಅವರನ್ನೇ ನೋಡಿ: ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ, ಅಂದರೆ ಪಿಎಲ್‌ಒದ, ಅಧ್ಯಕ್ಷ ಸ್ಥಾನ ಅವರಿಗೆ ಬಂದದ್ದು 2004ರಲ್ಲಿ ಯಾಸಿರ್ ಅರಾಫತ್ ತೀರಿಕೊಂಡ ಮೇಲೆ, ಪ್ಯಾಲೆಸ್ಟೀನ್ ಪ್ರಾಧಿಕಾರದ ಅಧ್ಯಕ್ಷರಾದದ್ದು 2005ರ ಜನವರಿಯ ಚುನಾವಣೆಯಲ್ಲಿ ಗೆದ್ದು, ಫತಾ ಪಕ್ಷದ ನಾಯಕತ್ವ ಮೂರನೆಯದು. ಮೂರೂ ಒಬ್ಬರಲ್ಲೇ ಸೇರಿರುವುದರಿಂದ ಅವರ ಹೇಳಿಕೆಯನ್ನು ಓದುವಾಗ, ಯಾವ ಸ್ಥಾನದಲ್ಲಿ ಕುಳಿತು ಆಡಿದ ಮಾತಿದು ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ.

ಪಿಎಲ್‌ಒ ಮತ್ತು ಪ್ರಾಧಿಕಾರಗಳನ್ನು ಒಂದೇ ಎಂದು ತಿಳಿಯುವುದು ವರದಿಗಾರರಲ್ಲೂ ಕಾಣುವ ದೋಷ. 1964ರಲ್ಲಿ ಜೆರುಸಲೇಮಿನಲ್ಲಿ ಸೇರಿದ ರಾಷ್ಟ್ರೀಯ ಮಂಡಳಿಯಲ್ಲಿ ಪಿಎಲ್‌ಒ ರೂಪುಗೊಂಡಿತು. 1974ರಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ನಡೆದ ಶೃಂಗಸಭೆಯಲ್ಲಿ ಅರಬ್ ರಾಷ್ಟ್ರಗಳು ಅದನ್ನು ಪ್ಯಾಲೆಸ್ಟೀನ್ ಜನತೆಯ ಏಕೈಕ ನ್ಯಾಯಸಮ್ಮತ ಪ್ರತಿನಿಧಿ ಎಂದು ಒಪ್ಪಿಕೊಂಡವು. ಲೆಬನಾನ್, ಸಿರಿಯಾ, ಜೋರ್ಡಾನ್‌ಗಳ ನಿರಾಶ್ರಿತರೂ ಸೇರಿದಂತೆ ಇಡೀ ಜನತೆಯ ಪರವಾಗಿ ನಿಲ್ಲುವುದು ತನ್ನ ಹೊಣೆ ಎಂದು ಅದು ಹೇಳುತ್ತದೆ. 1993ರಲ್ಲಿ ಇಸ್ರೇಲಿನೊಂದಿಗೆ ಓಸ್ಲೊ ಒಪ್ಪಂದಕ್ಕೆ ಸಹಿ ಹಾಕಿದ್ದೂ ಪಿಎಲ್‌ಒ. ಆ ಒಪ್ಪಂದದಿಂದ 1994ರಲ್ಲಿ ಹುಟ್ಟಿದ ಪ್ರಾಧಿಕಾರವನ್ನು ಐದು ವರ್ಷಗಳ ಮಧ್ಯಂತರ ಆಡಳಿತವೆಂದು ಕಲ್ಪಿಸಲಾಗಿತ್ತು. ಒಪ್ಪಂದದ ಪ್ರಕಾರ ಅದರ ವ್ಯಾಪ್ತಿ ಗಾಜಾ ಮತ್ತು ಪಶ್ಚಿಮ ದಂಡೆಯ ಕೆಲವು ಭಾಗಗಳಿಗೆ ಸೀಮಿತ. ಪಶ್ಚಿಮ ದಂಡೆಯ ಸುಮಾರು 60 ಪ್ರತಿಶತ ನೆಲ ‘ಸಿ’ ವಲಯದಲ್ಲಿದ್ದು, ಅಲ್ಲಿ ಪೂರ್ಣ ನಿಯಂತ್ರಣ ಇಸ್ರೇಲಿನದೇ. ಆದ್ದರಿಂದ ಪ್ರಾಧಿಕಾರದ ಸಚಿವರೊಬ್ಬರು ಲೆಬನಾನಿನ ಬೈರೂತಿನ ನಿರಾಶ್ರಿತ ಶಿಬಿರದವರ ಭವಿಷ್ಯದ ಬಗ್ಗೆ ಮಾತು ಕೊಟ್ಟರೆಂದು ಓದಿದಾಗ ಅನುಮಾನಿಸುವುದೇ ಸರಿ. ಆ ಶಿಬಿರದವರಿಗೆ ಪ್ರಾಧಿಕಾರದ ಚುನಾವಣೆಯಲ್ಲಿ ಮತವೇ ಇಲ್ಲ. ಹಮಾಸ್ ಮತ್ತು ಇಸ್ಲಾಮಿಕ್ ಜಿಹಾದ್ ಎಂಬ ಸಶಸ್ತ್ರ ಇಸ್ಲಾಮೀ ಸಂಘಟನೆಗಳು ಪಿಎಲ್‌ಒ ಒಳಗಿಲ್ಲವೆಂಬುದನ್ನೂ ಜೊತೆಗೆ ನೆನಪಿಡಬೇಕು.

ಎರಡನೆಯದಾಗಿ, ಜನಾದೇಶದ ತಾರೀಖು ನೋಡಿ. ಅಬ್ಬಾಸ್ ಅವರು 2005ರಲ್ಲಿ ಗೆದ್ದದ್ದು ನಾಲ್ಕು ವರ್ಷಗಳ ಅವಧಿಗೆ. 2006ರ ಜನವರಿ 25ರಂದು ನಡೆದ ಶಾಸನ ಸಭೆಯ ಚುನಾವಣೆಯಲ್ಲಿ 132 ಸ್ಥಾನಗಳ ಪೈಕಿ ಹಮಾಸ್ 74ನ್ನು, ಫತಾ 45ನ್ನು ಪಡೆದವು. ಈ ಅಂಕಿಗಳನ್ನು ಮಾತ್ರ ಓದಿದವರು ಮೋಸ ಹೋಗುತ್ತಾರೆ. ಪಕ್ಷದ ಪಟ್ಟಿಗೆ ಬಿದ್ದ ಮತಗಳಲ್ಲಿ ಹಮಾಸ್‌ಗೆ ಸುಮಾರು 44, ಫತಾಕ್ಕೆ ಸುಮಾರು 41 ಪ್ರತಿಶತ ದೊರೆತಿತ್ತು. ಅರ್ಧದಷ್ಟು ಸ್ಥಾನಗಳು ಜಿಲ್ಲಾ ಕ್ಷೇತ್ರಗಳಿಗೆ ಮೀಸಲಾಗಿದ್ದು, ಅಲ್ಲಿ ಫತಾದವರೇ ಬಂಡಾಯವಾಗಿ ನಿಂತು ತಮ್ಮ ಮತಗಳನ್ನು ಒಡೆದುಕೊಂಡದ್ದು ಅಂತರವನ್ನು ಹಿಗ್ಗಿಸಿತು. 2007ರ ಜೂನ್‌ನಲ್ಲಿ ಗಾಜಾ ಹಮಾಸ್ ಕೈಗೆ ಹೋಯಿತು, ಪಶ್ಚಿಮ ದಂಡೆಯ ಆಡಳಿತ ಫತಾ ಬಳಿ ಉಳಿಯಿತು. 2018ರ ಕೊನೆಗೆ ಸಾಂವಿಧಾನಿಕ ನ್ಯಾಯಾಲಯದ ತೀರ್ಪನ್ನು ಮುಂದಿಟ್ಟು ಶಾಸನ ಸಭೆಯನ್ನೇ ವಿಸರ್ಜಿಸಲಾಯಿತು. 2021ರ ಮೇ 22ಕ್ಕೆ ಚುನಾವಣೆ ಗೊತ್ತಾಗಿ, 36 ಪಟ್ಟಿಗಳು ನೋಂದಣಿಯಾದ ಮೇಲೆ, ಪೂರ್ವ ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಅನುಮತಿ ನೀಡಿಲ್ಲವೆಂಬ ಕಾರಣ ಕೊಟ್ಟು ಅದನ್ನು ಮುಂದೂಡಲಾಯಿತು. ಕಾರಣ ಸುಳ್ಳಲ್ಲ, ಆದರೆ ಫತಾ ಆ ಹೊತ್ತಿಗೆ ಮೂರು ಪಟ್ಟಿಗಳಾಗಿ ಒಡೆದಿತ್ತೆಂಬುದನ್ನು ಬಿಟ್ಟು ಆ ಕಾರಣವನ್ನು ಓದಬಾರದು.

ಇನ್ನು, ಪ್ರಾತಿನಿಧ್ಯವನ್ನು ಮತಪೆಟ್ಟಿಗೆಯಲ್ಲಿ ಮಾತ್ರ ಹುಡುಕುವವರು ಪ್ಯಾಲೆಸ್ಟೀನಿನ ಅರ್ಧ ರಾಜಕೀಯವನ್ನು ಕಾಣದೆ ಹೋಗುತ್ತಾರೆ. 1987ರ ಡಿಸೆಂಬರ್‌ನಲ್ಲಿ ಆರಂಭವಾದ ಮೊದಲ ಇಂತಿಫಾದಾವನ್ನು, ಅಂದರೆ ಇಸ್ರೇಲಿನ ಆಕ್ರಮಣದ ವಿರುದ್ಧದ ಜನದಂಗೆಯನ್ನು, ಈ ದೃಷ್ಟಿಯಿಂದ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಪಿಎಲ್‌ಒ ನಾಯಕರು ಆಗ ದೂರದ ಟ್ಯೂನಿಸ್‌ನಲ್ಲಿದ್ದರು. ನೆಲದ ಮೇಲೆ ದಿನನಿತ್ಯದ ಸೂಚನೆ ಕೊಡುತ್ತಿದ್ದದ್ದು ‘ಏಕೀಕೃತ ರಾಷ್ಟ್ರೀಯ ನಾಯಕತ್ವ’ ಎಂಬ, ಸದಸ್ಯರ ಹೆಸರು ಬಹಿರಂಗವಾಗದ ಕೂಟ. ಅದು ಕ್ರಮಸಂಖ್ಯೆ ಹಾಕಿದ ಕರಪತ್ರಗಳ ಮೂಲಕ ಯಾವ ದಿನ ಹರತಾಳ, ಅಂಗಡಿಗಳು ಬೆಳಿಗ್ಗೆ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತಿಳಿಸುತ್ತಿತ್ತು. ಸೈನಿಕರು ಬೀಗ ಒಡೆದು ಅಂಗಡಿ ತೆರೆಸಲು ಯತ್ನಿಸಿದರೆ, ಊರಿನ ಕುಶಲಿಗಳು ಆ ಬೀಗಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಶಾಲೆಗಳು ಮುಚ್ಚಿದಾಗ ಪಾಠ ಹೇಳಲು, ಕರ್ಫ್ಯೂ ವೇಳೆ ದಿನಸಿ ಹಂಚಲು ಬೀದಿಬೀದಿಯ ಜನಸಮಿತಿಗಳು ಮುಂದಾದವು. ಅವುಗಳಲ್ಲಿ ಮಹಿಳೆಯರ ಪಾಲು ದೊಡ್ಡದು. ಬೆತ್ಲೆಹೇಮ್ ಪಕ್ಕದ ಬೈತ್ ಸಾಹೂರಿನಲ್ಲಿ ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲವೆಂದು ಜನ ತೆರಿಗೆ ನಿಲ್ಲಿಸಿದರು. 1989ರಲ್ಲಿ ಸೇನೆ ಊರನ್ನು ವಾರಗಟ್ಟಲೆ ಸುತ್ತುವರಿದು, ಮನೆ ಅಂಗಡಿಗಳಿಂದ ಫ್ರಿಜ್, ಪೀಠೋಪಕರಣ, ಯಂತ್ರಗಳನ್ನು ಜಪ್ತಿ ಮಾಡಿ ಸಾಗಿಸಿತು. ಯಾರೂ ಆರಿಸದ ಆ ಕೂಟದ ಮಾತು ನಡೆದದ್ದು ಜನ ಅದನ್ನು ಪಾಲಿಸಿದ್ದರಿಂದ. ಪಾಲನೆಯೇ ಅಲ್ಲಿ ಮತವಾಗಿತ್ತೆಂದು ನನ್ನ ಅಭಿಪ್ರಾಯ. ಹಾಗಾಗಿ ಇಂದು ಯಾರಾದರೂ ಮುಷ್ಕರಕ್ಕೆ ಕರೆ ಕೊಟ್ಟ ಸುದ್ದಿ ಬಂದರೆ, ಕರೆಯನ್ನು ಓದಿ ನಿಲ್ಲಿಸದೆ, ರಾಮಲ್ಲಾ, ನಾಬ್ಲುಸ್, ಹೆಬ್ರಾನ್‌ಗಳಲ್ಲಿ ಅಂಗಡಿಗಳು ನಿಜಕ್ಕೂ ಮುಚ್ಚಿದವೇ ಎಂದು ಮರುದಿನದ ವರದಿಯಲ್ಲಿ ನೋಡಬೇಕು.

ಇಸ್ರೇಲಿನ ಪ್ರಜೆಗಳಾಗಿರುವ ಪ್ಯಾಲೆಸ್ಟೀನಿಯನ್ನರ ದಾರಿ ಬೇರೆ. ಅವರು ಇಸ್ರೇಲಿನ ಸಂಸತ್ತಿಗೆ ಮತ ಹಾಕುತ್ತಾರೆ. ಆದರೂ 1976ರ ಮಾರ್ಚ್ 30ರಂದು ಉತ್ತರ ಇಸ್ರೇಲಿನ ಗೆಲಿಲೀಯಲ್ಲಿ ಭೂಸ್ವಾಧೀನದ ವಿರುದ್ಧ ಅವರು ನಡೆಸಿದ ಮುಷ್ಕರದಲ್ಲಿ ಆರು ಮಂದಿ ಸತ್ತ ದಿನವನ್ನು ಎಲ್ಲೆಡೆಯ ಪ್ಯಾಲೆಸ್ಟೀನಿಯನ್ನರು ಭೂಮಿ ದಿನವೆಂದು ಆಚರಿಸುತ್ತಾರೆ.

ಕೊನೆಯದಾಗಿ, ಐಕ್ಯ ಒಪ್ಪಂದಗಳ ಸುದ್ದಿ. 2011ರಲ್ಲಿ ಕೈರೋ, 2014ರಲ್ಲಿ ಗಾಜಾ, 2017ರಲ್ಲಿ ಮತ್ತೆ ಕೈರೋ, 2024ರ ಜುಲೈನಲ್ಲಿ ಬೀಜಿಂಗ್: ಫತಾ ಮತ್ತು ಹಮಾಸ್ ಕೈಕುಲುಕಿದ ಚಿತ್ರಗಳಿಗೆ ಬರವಿಲ್ಲ. ಹೇಳಿಕೆಯ ಭಾಷೆಯನ್ನು ಬದಿಗಿಟ್ಟು ಪಠ್ಯದಲ್ಲಿ ಮೂರು ಅಂಶಗಳನ್ನು ಹುಡುಕಿ: ಚುನಾವಣೆಗೆ ದಿನಾಂಕವಿದೆಯೇ, ಗಾಜಾದ ಶಸ್ತ್ರಧಾರಿಗಳು ಯಾರ ಆಜ್ಞೆಗೆ ಒಳಪಡುತ್ತಾರೆ, ಹಮಾಸ್ ನೇಮಿಸಿದ ನೌಕರರಿಗೆ ಸಂಬಳ ಕೊಡುವವರು ಯಾರು. ಮೂರನೆಯದು ಸಣ್ಣ ವಿಷಯದಂತೆ ಕಂಡರೂ 2014ರ ಒಪ್ಪಂದ ಕುಂಟಿದ್ದು ಬಹುಮಟ್ಟಿಗೆ ಅಲ್ಲೇ. ಸಂಬಳದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಿ: ಪ್ರಾಧಿಕಾರದ ವರಮಾನದ ದೊಡ್ಡ ಪಾಲಾದ ಆಮದು ತೆರಿಗೆಯನ್ನು 1994ರ ಪ್ಯಾರಿಸ್ ಒಡಂಬಡಿಕೆಯಂತೆ ಇಸ್ರೇಲ್ ಸಂಗ್ರಹಿಸಿ ತನ್ನ ನಾಣ್ಯವಾದ ಶೆಕೆಲ್‌ಗಳಲ್ಲಿ ವರ್ಗಾಯಿಸಬೇಕು. 2006ರಲ್ಲಿ ಹಮಾಸ್ ಗೆದ್ದಾಗ ಇಸ್ರೇಲ್ ಅದನ್ನು ತಡೆಹಿಡಿದಿತ್ತು.