ಹಾಸನದಲ್ಲಿ ಕೂತೇ ಸೈಟೇಶನ್ ಗಳಿಸಿದ್ದು: ನನ್ನ ಅನುಭವ

ನನ್ನ ಎಚ್-ಇಂಡೆಕ್ಸ್ ಈಗ ಗೂಗಲ್ ಸ್ಕಾಲರ್‌ನಲ್ಲಿ 11, ಸ್ಕೋಪಸ್‌ನಲ್ಲಿ 8 ಇರಬೇಕು (ಎರಡೂ ಪೇಪರುಗಳ ಲೆಕ್ಕ ಇಡುವ ತಾಣಗಳು). 11 ಅಂದರೆ ತಲಾ ಕನಿಷ್ಠ 11 ಸೈಟೇಶನ್, ಅಂದರೆ ಬೇರೆ ಪೇಪರುಗಳಲ್ಲಿ ಉಲ್ಲೇಖ, ಸಿಕ್ಕ 11 ಪೇಪರು. ದೊಡ್ಡ ಊರಿನವರಿಗೆ ಇದು ಲೆಕ್ಕಕ್ಕಿಲ್ಲ, ಗೊತ್ತು. ಆದರೆ ಹಳೇ ಸಿಟಿ ಸ್ಕ್ಯಾನ್ ಮೆಷಿನ್ ಇಟ್ಟುಕೊಂಡು ಹಾಸನದಿಂದ ನ್ಯೂರೋರೇಡಿಯಾಲಜಿ (ಮಿದುಳು-ನರಗಳ ಸ್ಕ್ಯಾನ್ ಓದುವ ವಿಭಾಗ) ಪೇಪರ್ ಬರೆಯುತ್ತೇನೆ ಅಂದಾಗ ನಕ್ಕವರೇ ಹೆಚ್ಚು. "ಅಪರೂಪದ ಕೇಸೆಲ್ಲ ನಿಮ್ಹಾನ್ಸ್‌ಗೆ ಹೋಗುತ್ತೆ, ನಿನಗೆ ಉಳಿಯೋದೇನಯ್ಯ" ಅಂದಿದ್ದರು ಹಿರಿಯರೊಬ್ಬರು. ಆ ಉಳಿದದ್ದೇ ಕೈಹಿಡಿಯಿತು.

ಮೊದಲು ಎಲ್ಲರ ಹಾಗೆ ಒಬ್ಬೊಬ್ಬ ರೋಗಿಯ ಬಗ್ಗೆ ಕೇಸ್ ರಿಪೋರ್ಟ್ ಬರೆದೆ, ಆರೋ ಏಳೋ. ಎಲ್ಲ ಸೇರಿ ಹತ್ತು ಸೈಟೇಶನ್ ಬಂದಿದ್ದರೆ ಹೆಚ್ಚು. ಪ್ರಮೋಷನ್ ಫೈಲಿಗೂ ಪ್ರಯೋಜನವಿಲ್ಲ. ಅಪರೂಪದ ಕೇಸನ್ನು ಉಲ್ಲೇಖಿಸುವವನು ಅಂಥದ್ದೇ ಕೇಸು ಸಿಕ್ಕ ಮತ್ತೊಬ್ಬ ಅದೃಷ್ಟವಂತ ಮಾತ್ರ!

ನಮ್ಮಲ್ಲಿ ತಪ್ಪದೆ ಬರುವುದು ಬಾಣಂತಿಯರ ಸಿವಿಟಿ, ಅಂದರೆ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಅರಕಲಗೂಡು, ಸಕಲೇಶಪುರದ ಕಡೆಯಿಂದ ಬರುತ್ತಾರೆ. ನೀರು ಕಮ್ಮಿ ಕೊಟ್ಟು ಬೆಚ್ಚಗೆ ಮಲಗಿಸಿರುತ್ತಾರೆ. ತಲೆನೋವು ಅಂದರೆ ಶೀತ ಅಂದುಕೊಂಡು ದಿನ ದೂಡಿರುತ್ತಾರೆ. ರಾತ್ರಿ ಎಂಆರ್‌ವಿ (ಅಭಿಧಮನಿ ತೋರಿಸುವ ಎಂಆರ್‌ಐ) ಸಿಗದು, ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದ ಪ್ಲೇನ್ ಸಿಟಿಯೇ ಗತಿ. ಸೈನಸ್ (ಮೂಗಿನದಲ್ಲ, ಮಿದುಳಿನಿಂದ ರಕ್ತ ವಾಪಸ್ ಒಯ್ಯುವ ದೊಡ್ಡ ನಾಳ) ಬೆಳ್ಳಗಿದ್ದರೆ ಕ್ಲಾಟ್, ಅಂದರೆ ಹೆಪ್ಪು, ಅನ್ನುತ್ತೇವೆ. ಆದರೆ ಹಿಮೋಗ್ಲೋಬಿನ್ ಏಳು ಇರುವವಳ ರಕ್ತವೇ ಸಿಟಿಯಲ್ಲಿ ಮಂಕು, ಅವಳ ಕ್ಲಾಟೂ ಕಣ್ಣಿಗೆ ಹೊಡೆಯುವುದಿಲ್ಲ. ನೀರಿಲ್ಲದೆ ರಕ್ತ ಗಟ್ಟಿಯಾದವಳಲ್ಲಿ ಕ್ಲಾಟ್ ಇಲ್ಲದ ಸೈನಸ್ಸೂ ಬೆಳ್ಳಗೆ ಕಂಡು ದಾರಿ ತಪ್ಪಿಸುತ್ತದೆ. ಅದಕ್ಕೇ ಬರೀ ಎಚ್‌ಯು ಎಂಬ ಸಿಟಿಯ ಬಿಳುಪಿನ ಅಳತೆ ನೋಡದೆ ಅದನ್ನು ರಕ್ತದಲ್ಲಿ ಕೆಂಪುಕಣದ ಪಾಲಾದ ಹೆಮಟೋಕ್ರಿಟ್‌ನಿಂದ ಭಾಗಿಸಬೇಕು. ಈ ಭಾಗಾಕಾರ ನನ್ನದಲ್ಲ, ಮೊದಲೇ ಇತ್ತು. ರಕ್ತಹೀನತೆ ಇರುವ ಬಾಣಂತಿಯರಲ್ಲೇ ಅದನ್ನು ಒರೆಗೆ ಹಚ್ಚಿದ್ದು ನಮ್ಮ ಕೆಲಸ.

ಹಳೇ ಕೇಸುಗಳಿಂದ ಮಾಡಹೊರಟಾಗ ಪೂರ್ತಿ ನೆಲಕಚ್ಚಿತು. ಪ್ಯಾಕ್ಸ್‌ನಲ್ಲಿ (ಸ್ಕ್ಯಾನ್ ಚಿತ್ರಗಳ ಕಂಪ್ಯೂಟರ್ ಭಂಡಾರ) ಚಿತ್ರ ಇದೆ, ಹೆಮಟೋಕ್ರಿಟ್ ಸಿಗುವ ಅದೇ ದಿನದ ಸಿಬಿಸಿ ರಕ್ತಪರೀಕ್ಷೆ ಇಲ್ಲ. ಅರ್ಧಕ್ಕರ್ಧ ಬಿದ್ದುಹೋಯಿತು. ಮತ್ತೆ ಎಥಿಕ್ಸ್ ಕಮಿಟಿ, ಮತ್ತೆ ಮೊದಲಿಂದ. ಎಪ್ಪತ್ತು ಚಿಲ್ಲರೆ ಕೇಸು ಕೂಡಿಸಲು ಎರಡು ವರ್ಷದ ಹತ್ತಿರ ಹಿಡಿಯಿತು. ಆರ್‌ಒಐ (ಅಳತೆಗೆ ಚಿತ್ರದಲ್ಲಿ ಗುರುತಿಸುವ ಜಾಗ) ಎಲ್ಲಿ, ಎಷ್ಟು ದೊಡ್ಡದು ಅನ್ನುವುದೆಲ್ಲ ಪೇಪರಿನಲ್ಲಿದೆ. ಪ್ಯಾಕ್ಸ್‌ನಲ್ಲಿ ಯಾವ ಪದ ಹಾಕಿ ಹುಡುಕಿದರೆ ಮುಂದಿನ ಪೇಪರಿನ ಕೇಸು ಉದುರುತ್ತವೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಆಮೇಲೆ ದುಡ್ಡು. ಓದುಗರಿಗೆ ಪುಕ್ಕಟೆ ಇದ್ದು ಲೇಖಕರಿಂದ ದುಡ್ಡು ಪಡೆಯುವ ಒಂದು ಓಪನ್ ಆಕ್ಸೆಸ್ ಜರ್ನಲ್ ಎರಡೂವರೆ ಲಕ್ಷದ ಆಸುಪಾಸು ಕೇಳಿತು, ಕೈಮುಗಿದೆ. ಚಂದಾದಾರರ ದುಡ್ಡಿನಿಂದ ನಡೆಯುವ ಜರ್ನಲ್‌ಗಳಲ್ಲಿ ಲೇಖಕ ಸಾಮಾನ್ಯವಾಗಿ ಏನೂ ಕೊಡಬೇಕಿಲ್ಲ. ಅಲ್ಲೂ ಒಂದರ ಹಿಂದೊಂದು ವಾಪಸ್ ಬಂದು ಕೊನೆಗೆ ಒಂದು ಒಪ್ಪಿತು. ಓದುಗರಿಗೆ ಪುಕ್ಕಟೆ ಸಿಗಲೆಂದು ಮೊದಲೇ ಮೆಡ್‌ಆರ್ಕೈವ್‌ನಲ್ಲಿ (ವೈದ್ಯಕೀಯ ಪೇಪರುಗಳ ಪುಕ್ಕಟೆ ತಾಣ) ಪ್ರೀಪ್ರಿಂಟ್, ಅಂದರೆ ಜರ್ನಲ್ ಪರಿಶೀಲನೆಗೆ ಮುಂಚಿನ ಪ್ರತಿ, ಹಾಕಿದ್ದೆ. ಅಂಕಿಅಂಶದವರಿಗೆ ಹನ್ನೆರಡು ಸಾವಿರ, ಇಂಗ್ಲಿಷ್ ತಿದ್ದಿದವರಿಗೆ ಒಂಬತ್ತೋ ಹತ್ತೋ, ಮೂವತ್ತು ಸಾವಿರದೊಳಗೆ ಮುಗಿಯಿತು. ಈಗ ನನ್ನ ಒಟ್ಟು ಸೈಟೇಶನ್ನಿನಲ್ಲಿ ಹತ್ತಿರ ಹತ್ತಿರ ಅರ್ಧ ಈ ಒಂದೇ ಪೇಪರಿನದು. ಎಚ್-ಇಂಡೆಕ್ಸ್‌ಗೆ ಅದೂ ಒಂದೇ ಪೇಪರು, ಆ ಮಾತು ಬೇರೆ. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಅದನ್ನು ಹಾಗೇ ಕಟ್ಟಿದ್ದಾರೆ.

ಇನ್ನು ಹೆಸರಿನ ಗೋಳು. ನಮ್ಮ ಇನಿಷಿಯಲ್ಲಿನಲ್ಲಿ ಊರೂ ಇದೆ, ಅಪ್ಪನ ಹೆಸರೂ ಇದೆ, ಸರ್‌ನೇಮ್ ಇಲ್ಲ. ಒಂದು ಜರ್ನಲ್ ಊರನ್ನು ಕೊನೆಗಿಟ್ಟಿತು, ಇನ್ನೊಂದು ಅಪ್ಪನನ್ನು. ಸ್ಕೋಪಸ್‌ನಲ್ಲಿ ನಾನು ಮೂರು ಜನ ಆಗಿ, ಸೈಟೇಶನ್ ಮೂರು ಪಾಲಾಗಿತ್ತು. ಆರ್ಕಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿ, ಪ್ರೊಫೈಲ್ ಒಂದುಗೂಡಿಸಲು ಅರ್ಜಿ ಹಾಕಿದ ಮೇಲೆ ಹೊಸದೇನೂ ಬರೆಯದೆಯೇ ಎಚ್-ಇಂಡೆಕ್ಸ್ ಎರಡು ಮೆಟ್ಟಿಲು ಏರಿತು! ನಮ್ಮ ಪಿಜಿ ವಿದ್ಯಾರ್ಥಿಗಳಿಗೆ ಮೊದಲ ಪೇಪರಿಗೂ ಮುಂಚೆ ಇದನ್ನೇ ಮಾಡಿಸುತ್ತೇನೆ.

ನಡುವೆ ಮಂಗನ ಕಾಯಿಲೆಯ ಬೆನ್ನು ಹತ್ತಿದ್ದೂ ಉಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಿದ ರೋಗ, ಮೂಡಿಗೆರೆ ಕಡೆಗೂ ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬಂದಾಗ ಮಿದುಳಿನ ಲಕ್ಷಣ ಕಾಣುತ್ತವೆ. ಅವರ ಎಂಆರ್‌ಐ ಕೂಡಿಸೋಣ ಅಂದುಕೊಂಡೆ. ಸ್ಕ್ಯಾನ್‌ವರೆಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅಲ್ಲಿಗೇ ನಿಂತಿತು.

ಬಾಣಂತಿಯರ ಅಂಕಿಗಳನ್ನು ಗುರುತು ತೆಗೆದು ಜೆನೋಡೋ ಎಂಬ ಸಂಶೋಧನಾ ಡೇಟಾ ತಾಣದಲ್ಲಿ ಹಾಕಿದ್ದೇನೆ, ಡಿಒಐ (ಉಲ್ಲೇಖಿಸಲು ನೆರವಾಗುವ ಶಾಶ್ವತ ಗುರುತು) ಪುಕ್ಕಟೆ. ಅದಕ್ಕೂ ಎರಡು ಸೈಟೇಶನ್ ಬಂದಿವೆ. ಒಂದು ನನ್ನದೇ.